ಹಿಂದಕ್ಕೆ ನೋಡುತ್ತ ದೋಣಿ ಬಿಡುವ ನೆರಿಡಾ

"ಅಮ್ಮ, ನೆರಿಡಾ ಮುಂದಕ್ಕೆ ಹೋಗ್ತಾ ಹಿಂದಕ್ಕೆ ಯಾಕೆ ನೋಡ್ತಾಳೆ? ಅವಳನ್ನ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

ಐದು ವರ್ಷದ ಪಿಪ್ಪಾ ಇದನ್ನು ಕೇಳಿದ್ದು ಫೆಬ್ರುವರಿಯ ಒಂದು ಮಂಗಳವಾರ, ದೋಣಿಕಟ್ಟೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಬೆಣ್ಣೆ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದಾಗ. ಚಿಕ್ಕವನು ನನ್ನ ಎದೆಗೆ ಅಂಟಿಕೊಂಡಿದ್ದ. ಎದುರಿಗೆ ಬಾರ್ಲೋ ಹಿನ್ನೀರಿನಲ್ಲಿ ನೆರಿಡಾ ಪ್ಯಾಸ್ಕೋಳ ಅಲ್ಯುಮಿನಿಯಂ ದೋಣಿ ಅಳಿವೆಯ ಬಾಯಿಯತ್ತ ಹೋಗುತ್ತಿತ್ತು. ಅಲ್ಲಿ ಮರಳಿನ ದಿಬ್ಬದ ಮೇಲೆ ಸಮುದ್ರದ ಅಲೆ ಒಡೆದು ನೊರೆ ಏಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಆ ನೊರೆಯ ಮೇಲೇ ಇರುತ್ತಿತ್ತು. ನೆರಿಡಾ ಮಾತ್ರ ಒಂದು ಕೈಯನ್ನು ಎಂಜಿನ್ನಿನ ಹಿಡಿಯ ಮೇಲಿಟ್ಟು, ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ನಾವಿರುವ ದಡವನ್ನೂ ಅದರ ಮೇಲಿನ ಗುಡ್ಡವನ್ನೂ ನೋಡುತ್ತ ಹೋಗುತ್ತಿದ್ದಳು.

ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡುತ್ತಿರಬೇಕು ಅಂದೆ. ಪಿಪ್ಪಾ ಒಪ್ಪಲಿಲ್ಲ. ಆರು ವರ್ಷದಿಂದ ಈ ದಡದಲ್ಲಿದ್ದೇನೆ, ಆ ದೋಣಿ ಹೊರಗೆ ಹೋಗುವುದನ್ನು ನೂರಾರು ಸಲ ನೋಡಿದ್ದೇನೆ. ಆ ತಿರುಗಿದ ಕತ್ತು ನನ್ನ ಗಮನಕ್ಕೆ ಬಂದಿರಲಿಲ್ಲ. ಆ ದಿನದ ದಿನಚರಿಯಲ್ಲಿ ಮಗುವಿನ ಪ್ರಶ್ನೆಯನ್ನು ಬರೆದು, ಉತ್ತರಕ್ಕೆ ಎರಡು ಸಾಲು ಖಾಲಿ ಬಿಟ್ಟೆ. ಅವು ತುಂಬಲು ಮೂರು ತಿಂಗಳು ಹಿಡಿಯಿತು.

ನೆರಿಡಾ ನನಗೆ ಪರಿಚಯವಾದ ಬಗೆಯನ್ನು ಹೇಳಿದರೆ ಅವಳು ಎಂಥವಳೆಂದು ಗೊತ್ತಾಗುತ್ತದೆ. ನಾವು ಈ ಮನೆಗೆ ಬಂದ ಮೂರನೇ ದಿನ, ನಾನು ಇನ್ನೂ ಪಾತ್ರೆಗಳ ಡಬ್ಬ ಬಿಚ್ಚಿರಲಿಲ್ಲ, ಹಿತ್ತಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ ಐವತ್ತು ದಾಟಿದ ಹೆಂಗಸೊಬ್ಬಳು ನಮ್ಮ ಕಕ್ಕಸುಗುಂಡಿಯ ಮುಚ್ಚಳ ತೆಗೆದು ಉದ್ದನೆಯ ಕೋಲು ಇಳಿಬಿಟ್ಟಿದ್ದಳು. ನನ್ನನ್ನು ಕಂಡು ಕೋಲು ಮೇಲೆತ್ತಿ, ಕೊಳೆ ಎಲ್ಲಿಯವರೆಗೆ ಬಂದಿದೆ ನೋಡು ಎಂದು ತೋರಿಸಿದಳು. ಈ ಮನೆಯ ಹಿಂದಿನವರು ಎಂಟು ವರ್ಷ ಗುಂಡಿ ಖಾಲಿ ಮಾಡಿಸಿಲ್ಲವಂತೆ, ಈ ವಾರವೇ ಲಾರಿ ಕರೆಸಬೇಕಂತೆ. ಆಮೇಲೆ ಕೈ ತೊಳೆದುಕೊಂಡು, ಬಾವಲಿಯಂತೆ ಗೇಟಿಗೆ ನೇತುಹಾಕಿದ್ದ ಚೀಲದಿಂದ ಚಿಪ್ಪು ಬಿಡಿಸದ ಎರಡು ಡಜನ್ ಸಿಂಪಿ ತೆಗೆದುಕೊಟ್ಟಳು. ಹೊಸ ನೆರೆಯವರಿಗೆ ಕೇಕು ತರುವವರನ್ನು ಕಂಡಿದ್ದೇನೆ. ಗುಂಡಿಗೆ ಕೋಲು ಹಾಕಿ ಸ್ವಾಗತಿಸಿದವಳು ಇವಳೊಬ್ಬಳೇ.

ಅವಳು ಹುಟ್ಟಿದ್ದು ದಡದ ಹಳೇ ಸಿಂಪಿ ಶೆಡ್ಡಿನ ಪಕ್ಕದ ಮನೆಯಲ್ಲಿ. ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಹಿನ್ನೀರಿನಲ್ಲಿ ಬುಟ್ಟಿ ಇಳಿಬಿಟ್ಟು ಸಿಂಪಿ ಬೆಳೆಸುವ ಅಪ್ಪನ ಜೊತೆ ನೀರಿಗೆ ಇಳಿದಳು. ಲಾರಿ ಓಡಿಸುವವನೊಬ್ಬನನ್ನು ಮದುವೆಯಾಗಿ ನಾಲ್ಕು ವರ್ಷ ದೂರದ ಊರಲ್ಲಿದ್ದು, ಅಲ್ಲಿ ಬೆಳಿಗ್ಗೆ ಎದ್ದರೆ ನೀರು ಏರಿದೆಯೋ ಇಳಿದಿದೆಯೋ ತಿಳಿಯುವುದಿಲ್ಲ ಎಂದು ವಾಪಸು ಬಂದಳು. ಅವಳ ಎಡಗೈಯ ಹೆಬ್ಬೆರಳ ಬುಡ ಸಿಂಪಿ ಬಿಡಿಸುವ ಚಾಕುವಿನ ಗಾಯಗಳಿಂದ ಹಳೆಯ ಮಣೆಯಂತಾಗಿದೆ. ಪ್ರತಿ ಮಂಗಳವಾರ ಹಿನ್ನೀರಿನ ಆರು ಕಡೆ ಬಾಟ್ಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸುವುದು ಅವಳ ಕೆಲಸ. ಜೋರು ಮಳೆ ಬಂದರೆ ಸಿಂಪಿ ಮಾರಾಟ ನಿಲ್ಲುತ್ತದೆ, ನೀರು ಶುದ್ಧವಿದೆ ಎಂದು ಪರೀಕ್ಷೆ ಹೇಳುವವರೆಗೆ ಯಾರೂ ಒಂದು ಬುಟ್ಟಿಯನ್ನೂ ಎತ್ತುವಂತಿಲ್ಲ.

"ಸಿಂಪಿ ಇಡೀ ದಿನ ನೀರು ಸೋಸ್ತಾನೇ ಇರುತ್ತೆ ಹುಡುಗಿ," ಅಂದಿದ್ದಳು ಒಮ್ಮೆ. "ನಾವು ಬಿಟ್ಟಿದ್ದೆಲ್ಲ ಅದರ ಬಾಯಲ್ಲಿರುತ್ತೆ. ಆಮೇಲೆ ನಿಂಬೆಹಣ್ಣು ಹಿಂಡ್ಕೊಂಡು ನಾವೇ ತಿಂತೀವಿ."

ಅವಳಿಗೆ ಇಪ್ಪತ್ತಾರಾಗಿದ್ದಾಗ, ಮೇಲಿನ ಪ್ರವಾಸಿ ಬಿಡಾರವೊಂದರ ಗುಂಡಿ ಒಡೆದು ಹಿನ್ನೀರು ಹನ್ನೊಂದು ವಾರ ಮುಚ್ಚಿತ್ತು. ಅವಳಪ್ಪ ಆಲ್ಬಿ ದಿನವೂ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ತನ್ನ ಸಿಂಪಿಗಳು ಇರುವ ಕಡೆ ನೋಡುತ್ತಿದ್ದನಂತೆ. ಹನ್ನೆರಡನೇ ವಾರ ಅವನು ಬುಟ್ಟಿಗಳನ್ನು ಎತ್ತಿದ, ಆದರೆ ಮೊದಲಿನ ಹುರುಪು ತಿರುಗಿ ಬರಲಿಲ್ಲ. ಇದನ್ನು ನೆರಿಡಾ ಒಂದೇ ಸಲ ಹೇಳಿದ್ದಾಳೆ, ಅದೂ ಬಾಟ್ಲಿಗಳಿಗೆ ಚೀಟಿ ಅಂಟಿಸುತ್ತ, ನನ್ನ ಮುಖ ನೋಡದೆ.

ಆಲ್ಬಿ ಹೋಗುವಾಗ ದಡದ ಮೇಲಿನ ಗುಡ್ಡ, ಅದರ ಇಳಿಜಾರಿನ ಹುಲ್ಲುಗಾವಲು, ಕೆಳಗಿನ ಜೌಗು, ಎಲ್ಲವನ್ನೂ ನೆರಿಡಾಳಿಗೂ ತಮ್ಮ ಲೈಲನಿಗೂ ಸಮವಾಗಿ ಬರೆದಿಟ್ಟಿದ್ದ. ಲೈಲ್ ಒಳ್ಳೆಯ ಮನುಷ್ಯ. ದನ ಸಾಕಿ ಸೊಂಟ ಸವೆಸಿಕೊಂಡಿದ್ದಾನೆ, ಬೇಲಿ ಹತ್ತಲು ಆಗುವುದಿಲ್ಲ. ಜಮೀನನ್ನು ನಿವೇಶನಗಳಾಗಿ ಕತ್ತರಿಸಿ ಮಾರಿ ಮಗಳ ಊರಿಗೆ ಹತ್ತಿರ ಹೋಗಬೇಕೆಂದು ಅವನ ಆಸೆ. ಮಾರಬಾರದೆಂದು ನೆರಿಡಾ ಎಂದೂ ಹೇಳಿದವಳಲ್ಲ. ಹೇಗೆ ಕತ್ತರಿಸುವುದು ಎಂಬುದರಲ್ಲೇ ಜಗಳ. ಲೈಲ್ ಮಾಡಿಸಿದ ನಕ್ಷೆಯಲ್ಲಿ ಇಪ್ಪತ್ತೆರಡು ನಿವೇಶನಗಳಿದ್ದವು. ಜೌಗಿನ ನಡುವೆ ನೇರವಾದ ಚರಂಡಿಯ ಗೆರೆ. ಗುಡ್ಡದ ನೆತ್ತಿಯ ಮೇಲೆ, ಸಮುದ್ರ ಕಾಣುವಂತೆ, ನಾಲ್ಕು ಮನೆ. ಇಬ್ಬರ ಸಹಿ ಇಲ್ಲದೆ ಅದು ನಡೆಯುವಂತಿರಲಿಲ್ಲ. ನೆರಿಡಾ ಸಹಿ ಹಾಕಿರಲಿಲ್ಲ. ಅಳತೆಯವರು ಮಾತ್ರ ಆಗಲೇ ಗೂಟ ನೆಟ್ಟು ಗುಲಾಬಿ ಪಟ್ಟಿ ಕಟ್ಟಿ ಹೋಗಿದ್ದರು. ಆ ಬೇಸಿಗೆಯಿಡೀ ಅವು ಗಾಳಿಗೆ ಪಟಪಟ ಅನ್ನುತ್ತಿದ್ದವು. ಬಟ್ಟೆ ಒಣಗಿಸುವಾಗ, ಮಗುವನ್ನು ಮಲಗಿಸುವಾಗ, ನನಗೂ ಆ ಸದ್ದು ಕೇಳಿಸುತ್ತಿತ್ತು. ಮೊದಲೇ ಒಂದು ಕಡೆ ಕೂರದ ನೆರಿಡಾ ಈಗ ನಮ್ಮ ಅಡುಗೆಮನೆಗೆ ಬಂದರೆ ಚಹಾ ನಿಂತೇ ಕುಡಿಯುತ್ತಿದ್ದಳು, ಅರ್ಧ ಕುಡಿದು ಕಿಟಕಿಗೆ ಹೋಗುತ್ತಿದ್ದಳು.

ಮಾರ್ಚಿನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮಳೆ ನಿಂತ ಭಾನುವಾರ ಲೈಲನ ಮನೆಯಲ್ಲಿ ಕುರಿಮಾಂಸದ ಊಟ, ನಮ್ಮನ್ನೂ ಕರೆದಿದ್ದರು. ಎಲ್ಲರೂ ಕೂತ ಮೇಲೆ ನೆರಿಡಾ ಬಂದು ಎರಡು ಜಾಮಿನ ಬಾಟ್ಲಿಗಳನ್ನು ಮೇಜಿನ ನಡುವೆ ಇಟ್ಟಳು. ಒಂದರಲ್ಲಿ ಸೆಗಣಿ ಕಲಸಿದಂಥ ಕದಡು. ಇನ್ನೊಂದರಲ್ಲಿ ಚಹಾದ ಬಣ್ಣದ, ಆದರೆ ಆಚೆಗಿರುವ ಬೆರಳು ಕಾಣುವಷ್ಟು ತಿಳಿಯಾದ ನೀರು.

"ನೆರಿ, ದನದ ಗಂಜಳಾನ ಊಟದ ಮೇಜಿನ ಮೇಲೆ ಇಡಬೇಡ ಮಾರಾಯ್ತಿ," ಅಂದ ಲೈಲ್.

"ಇದು ಜೌಗಿಗೆ ಇಳಿಯೋ ನೀರು. ಇದು ಜೌಗಿಂದ ಹೊರಗೆ ಬರೋ ನೀರು. ಒಂದೇ ದಿನ, ಒಂದೇ ಗಂಟೆ. ಎರಡಕ್ಕೂ ನಡುವೆ ಇರೋದು ನೀನು ಚರಂಡಿ ತೋಡೋಕೆ ಹೊರಟಿರೋ ಜಾಗ."

ಆಮೇಲೆ ಅವಳು ಕೂತು ಊಟ ಮಾಡಿದಳು. ಬಾಟ್ಲಿ ಅಲ್ಲೇ ಇತ್ತು. ಪುದೀನ ಚಟ್ನಿಗೆ ಕೈ ಚಾಚಿದವರೆಲ್ಲ ಅದನ್ನು ದಾಟಿ ಚಾಚಬೇಕಾಗಿತ್ತು. ಊಟ ಮುಗಿಯುವಷ್ಟರಲ್ಲಿ ಲೈಲ್ ಸೋತ. ಜೌಗನ್ನು ಹಾಗೇ ಬೇಲಿ ಹಾಕಿ ಬಿಡುವುದು, ಅದರ ಅಂಚಿನ ಎಂಟು ನಿವೇಶನಗಳನ್ನು ಕೈಬಿಡುವುದು, ಉಳಿದ ಮನೆಗಳ ಕೊಳೆನೀರನ್ನು ಮನೆಗೊಂದು ಗುಂಡಿ ತೋಡದೆ ಮೇಲಿನ ರಸ್ತೆ ಬದಿಯಲ್ಲಿ ಒಂದೇ ಕಡೆ ಶುದ್ಧಮಾಡುವುದು ಎಂದು ಒಪ್ಪಿಕೊಂಡ. ಆದರೆ ನೆತ್ತಿಯ ಮೇಲಿನ ನಾಲ್ಕು ಬೇಕೇ ಬೇಕು, ಜನ ಕೊಳ್ಳುವುದೇ ಅಲ್ಲಿಯ ನೋಟಕ್ಕೆ ಎಂದ.

ನೆತ್ತಿಯೂ ಬೇಡ ಎಂದಳು ನೆರಿಡಾ. ಯಾಕೆ ಎಂದು ಅವನು ಕೇಳಿದ. ಅಲ್ಲಿಯ ನೀರು ಜೌಗಿನತ್ತ ಹರಿಯುವುದಿಲ್ಲ, ಸಿಂಪಿಗೆ ಏನೂ ಆಗುವುದಿಲ್ಲ, ಮತ್ತೆ ಯಾಕೆ? ನೆರಿಡಾ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಮಚದಿಂದ ಒತ್ತುತ್ತ ಕೂತಳು. ಕೊನೆಗೆ, ಗುಡ್ಡ ಬೋಳಾಗಿದ್ದರೆ ಚೆಂದ ಎಂದಷ್ಟೇ ಹೇಳಿದಳು. ನೀರಿನ ಬಗ್ಗೆ ಎರಡು ಬಾಟ್ಲಿ ತಂದವಳು ಚೆಂದದ ಬಗ್ಗೆ ಒಂದು ಮಾತನ್ನೂ ತರಲಾರದೆ ಹೋದದ್ದು ನನಗೆ ವಿಚಿತ್ರವೆನಿಸಿತು. ಲೈಲನಿಗೆ ನಗು ಬಂತು. ನೀನು ಯಾವಾಗಿನಿಂದ ಚಿತ್ರ ಬರೆಯುವವಳಾದೆ ಎಂದು ಕೆಣಕಿದ.

ಏಪ್ರಿಲ್ ಕೊನೆಯಲ್ಲಿ ನೆರಿಡಾ ಹಲ್ಲು ಕೀಳಿಸಿಕೊಳ್ಳಲು ಪೇಟೆಗೆ ಹೋದಳು, ಎರಡು ದಿನ ಅಲ್ಲೇ ಉಳಿದಳು. ಅಕ್ಕನ ಜೊತೆ ಮನಸ್ತಾಪವಾಯಿತಲ್ಲ ಎಂದು ಲೈಲನಿಗೆ ಚುಚ್ಚುತ್ತಿತ್ತು. ಭೂಮಿಯ ಈ ದಕ್ಷಿಣಾರ್ಧದಲ್ಲಿ ಜೂನಿಗೆ ಚಳಿಗಾಲ ಬರುತ್ತದೆ, ಅವಳ ಒಲೆಗೆ ಕಟ್ಟಿಗೆ ಬೇಕು. ಗುಡ್ಡದ ನೆತ್ತಿಯಲ್ಲಿ, ಅವರಪ್ಪನ ಕಾಲದಲ್ಲೇ ಸಿಡಿಲು ಬಡಿದು ಸತ್ತ ಒಂಟಿ ನೀಲಗಿರಿ ಮರವೊಂದಿತ್ತು. ಅವನು ಜನ ಕರೆಸಿ ಅದನ್ನು ಕಡಿಸಿದ, ಹೇಗೂ ಯಂತ್ರ ಬಂದಿದೆ ಎಂದು ಬುಡವನ್ನೂ ಕೀಳಿಸಿ ಮಣ್ಣು ಸಮಮಾಡಿಸಿದ. ಆ ಸವೆದ ಸೊಂಟ ಹೊತ್ತುಕೊಂಡು ತಾನೇ ನಿಂತು ಕಟ್ಟಿಗೆ ಸೀಳಿ, ಅಕ್ಕನ ಹಿತ್ತಲ ಗೋಡೆಗೆ ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ.

ಕುಂಬಳಕಾಯಿ ಸಾರು ತೆಗೆದುಕೊಂಡು ನಾನು ಹೋದಾಗ ನೆರಿಡಾ ಆಗಷ್ಟೇ ಬಂದಿದ್ದಳು. ಕೆನ್ನೆ ಊದಿತ್ತು. ಕಟ್ಟಿಗೆಯ ರಾಶಿಯನ್ನು ಕಂಡು ಅದರ ಮೇಲೆ ಅಂಗೈ ಇಟ್ಟಳು. ಬೂದು ಬಣ್ಣದ ಆ ಮರ ಅವಳಿಗೆ ಮುಟ್ಟಿದರೇ ಗೊತ್ತಾಯಿತೇನೋ, ತಲೆಯೆತ್ತಿ ಗುಡ್ಡದ ಕಡೆ ನೋಡಿದಳು. ನೆತ್ತಿ ನುಣ್ಣಗೆ ಖಾಲಿಯಾಗಿತ್ತು.

"ಒಳ್ಳೇ ಕಟ್ಟಿಗೆ," ಅಂದಳು.

ಆ ಕಟ್ಟಿಗೆಯಲ್ಲಿ ಒಂದು ತುಂಡನ್ನೂ ಅವಳು ಉರಿಸಲಿಲ್ಲ. ಎರಡು ವಾರ ಅಳಿವೆ ದಾಟಿ ಮೀನಿಗೂ ಹೋಗಲಿಲ್ಲ. ದಡದಲ್ಲಿ ಅತ್ತಿಂದಿತ್ತ ಓಡಾಡುವುದು, ದೋಣಿಯ ಹಗ್ಗ ಬಿಚ್ಚುವುದು, ಮತ್ತೆ ಕಟ್ಟುವುದು. ಮೇ ತಿಂಗಳ ಒಂದು ಶನಿವಾರ ಕೊನೆಗೂ ಹೋದಳು. ಹೋಗುವಾಗ ಕಡಲು ಸುಮ್ಮನಿತ್ತು, ಮಧ್ಯಾಹ್ನ ಅಲೆ ಎದ್ದಿತು. ನಾನೂ ಮಕ್ಕಳೂ ಕಟ್ಟೆಯ ಮೇಲಿದ್ದೆವು. ದೋಣಿ ಅಳಿವೆಯ ಹೊರಗೆ ಬಂದು ನಿಂತಿತು, ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು. ಕತ್ತಲಲ್ಲಿ ಬೀಗದ ತೂತು ಹುಡುಕುವ ಕೈಯ ಹಾಗೆ. ಆಮೇಲೆ ಒಳಗೆ ನುಗ್ಗಿತು. ನುಗ್ಗಿದ್ದು ಸರಿಯಾದ ಕಡೆ ಅಲ್ಲ. ದೋಣಿಯ ತಳ ಮರಳಿಗೆ ಬಡಿದ ಸದ್ದು ನಮ್ಮವರೆಗೂ ಕೇಳಿಸಿತು. ಹಿಂದಿನ ಅಲೆ ಅದನ್ನು ಅಡ್ಡ ತಿರುಗಿಸಿ, ನೆರಿಡಾಳನ್ನು ನೀರಿಗೆಸೆದು, ಪುಣ್ಯಕ್ಕೆ ಅವಳನ್ನೂ ದೋಣಿಯನ್ನೂ ಒಳಗಿನ ಕಡೆಗೇ ತಳ್ಳಿತು. ಸೊಂಟದ ಮಟ್ಟದ ನೀರಿನಲ್ಲಿ ಎದ್ದು ನಿಂತು ಅವಳು ಮೊದಲು ದೋಣಿಯನ್ನು ಹಿಡಿದಳು.

ನನ್ನ ಅಡುಗೆಮನೆಯಲ್ಲಿ, ನನ್ನ ಗಂಡನ ಸ್ವೆಟರು ತೊಟ್ಟು, ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ಮೊದಲ ಸಲ ಕುರ್ಚಿಯ ಮೇಲೆ ಕೂತಳು. ಪಿಪ್ಪಾಳ ಪ್ರಶ್ನೆಗೆ ಉತ್ತರ ಆಗ ಬಂತು.

ಅಳಿವೆಯಲ್ಲಿ ಮರಳ ದಿಬ್ಬದ ನಡುವೆ ದೋಣಿ ಹೋಗುವಷ್ಟು ಆಳವಿರುವ ದಾರಿ ಒಂದೇ. ನೀರನ್ನು ನೋಡಿದರೆ ಅದು ಕಾಣುವುದಿಲ್ಲ. ದಡದ ಸಿಂಪಿ ಶೆಡ್ಡಿನ ಬಿಳಿಗೋಡೆ, ಅದರ ಮೇಲ್ಗಡೆ ಗುಡ್ಡದ ನೆತ್ತಿಯ ಒಣಮರ, ಇವೆರಡೂ ಒಂದರ ಮೇಲೊಂದು ನಿಂತಂತೆ ಕಂಡರೆ ನೀನು ದಾರಿಯಲ್ಲಿದ್ದೀಯ ಎಂದು ಅರ್ಥ. ಬರುವಾಗ ಎದುರಿಗೆ ನೋಡಬೇಕು, ಹೋಗುವಾಗ ಬೆನ್ನ ಹಿಂದೆ. ಇಲ್ಲಿಯ ಪ್ರತಿ ಮನೆತನಕ್ಕೂ ಇಂಥ ಗುರುತುಗಳಿವೆ, ಯಾರೂ ಯಾರಿಗೂ ಹೇಳುವುದಿಲ್ಲ. ಆಲ್ಬಿ ಮಗಳಿಗೆ ದೋಣಿಯಲ್ಲಿ ತೋರಿಸಿಕೊಟ್ಟು ಮಾತು ತೆಗೆದುಕೊಂಡಿದ್ದ: ನೆಲದ ಮೇಲೆ ಕಾಲಿಟ್ಟು ಇದನ್ನು ಬಾಯಿಬಿಡಬೇಡ. ಲೈಲ್ ಚಿಕ್ಕಂದಿನಿಂದ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ. ಅವನು ಒಂದು ಸಲವೂ ಅಳಿವೆ ದಾಟಿದವನಲ್ಲ. ಅವನಿಗೆ ಯಾರೂ ಹೇಳಲಿಲ್ಲ.

ಮರ ಹೋದದ್ದಕ್ಕೆ ಬದಲಾಗಿ ಕಂಬ ನೆಡಬಹುದು. ಆದರೆ ನೆತ್ತಿಯ ಮೇಲೆ ನಾಲ್ಕು ಛಾವಣಿ, ಅವುಗಳ ಚಿಮಣಿ, ಗಾಜು, ಗಿಡ ಎದ್ದ ಮೇಲೆ ಆ ಗದ್ದಲದಲ್ಲಿ ಯಾವ ಕಂಬವೂ ಕಡಲಿನಿಂದ ಕಾಣುವುದಿಲ್ಲ. ನಕ್ಷೆಯ ಬಗ್ಗೆ ಊರಿನವರ ಮಾತು ಕೇಳಲು ಬುಧವಾರ ಸಭಾಭವನದಲ್ಲಿ ಸಭೆ ಇತ್ತು. ಕಾರಣ ಹೇಳದೆ ತಮ್ಮನಿಗೆ ಸಹಿಯನ್ನು ಎಂದೆಂದಿಗೂ ತಡೆಯಲಾಗದು, ಅಲ್ಲಿ ಹೇಳದಿದ್ದರೆ ನೆತ್ತಿ ಹೋಯಿತು. ಹೇಳಿದರೆ ಅಪ್ಪನ ಮಾತು ಹೋಯಿತು.

"ಇಡೀ ಊರಿನ ಮುಂದೆ, ಟ್ಯಾಮ್," ಅಂದಳು. "ಆ ಮುದುಕ ಮಾನೊಲಿ ಅಲ್ಲೇ ಕೂತಿರ್ತಾನೆ. ನಮ್ಮಪ್ಪ ಅವನ ಜೊತೆ ಮೂವತ್ತು ವರ್ಷ ಮಾತಾಡಿರಲಿಲ್ಲ."

ಸತ್ತ ಅಪ್ಪಂದಿರ ಬಗ್ಗೆ ನನಗೆ ಗೊತ್ತಿಲ್ಲ, ಆದರೆ ಇವತ್ತು ನನ್ನ ಮಗಳು ಕಟ್ಟೆಯ ಮೇಲೆ ನಿಂತು ನಿನ್ನ ಹೆಸರು ಹಿಡಿದು ಕೂಗಿದ್ದನ್ನು ಇನ್ನೊಂದು ಸಲ ಕೇಳುವ ಶಕ್ತಿ ನನಗಿಲ್ಲ ಎಂದೆ. ಅವಳು ಲೋಟ ಇಟ್ಟು ಎದ್ದು ಮತ್ತೆ ಕಿಟಕಿಗೆ ಹೋದಳು.

ಬುಧವಾರ ನಾನು ಸಭೆಯ ಮಾತುಗಳನ್ನು ಬರೆದುಕೊಳ್ಳಲು ಕೂತಿದ್ದೆ, ಅದು ನನ್ನ ಪಾಳಿಯ ಕೆಲಸ. ನಲವತ್ತು ಜನ ಬಂದಿದ್ದರು. ಅಳತೆಗಾರ್ತಿ ಗ್ರೆಟಾ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದಳು. ಹಿನ್ನೀರಿನ ನೀರಿನ ಬಗ್ಗೆ, ಜೌಗಿನ ಬೇಲಿಯ ಬಗ್ಗೆ ಎಲ್ಲರೂ ತೃಪ್ತರಾಗಿದ್ದರು. ಗುಡ್ಡದ ನೋಟದ ಬಗ್ಗೆ ಇಬ್ಬರು ಏನೋ ಗೊಣಗಿದರು, ಸ್ಪಷ್ಟವಾಗಿ ಯಾರೂ ಹೇಳಲಿಲ್ಲ. ಕೊನೆಯ ಸಾಲಿನಲ್ಲಿದ್ದ ನೆರಿಡಾ ಎದ್ದಳು. ಶೆಡ್ಡಿನ ಗೋಡೆ, ಒಣಮರ, ಎರಡೂ ಒಂದಾಗುವ ಗೆರೆ, ಎಲ್ಲವನ್ನೂ ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಮರ ಈಗ ಇಲ್ಲ ಎಂದಳು, ಯಾರು ಕಡಿದರೆಂದು ಹೇಳಲಿಲ್ಲ.

ಬರೆಯುವುದು ಬಿಟ್ಟು ತಲೆಯೆತ್ತಿದೆ. ಮೀನಿಗೆ ಹೋಗುವ ಮನೆಗಳವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಕೊನೆಗೆ ಎಂಬತ್ತರ ಮಾನೊಲಿ ಕೋಲೂರಿ ಎದ್ದ.

"ಆ ಮರ ನಿಮ್ಮಪ್ಪನಿಗೆ ತೋರಿಸಿಕೊಟ್ಟಿದ್ದೇ ನಮ್ಮಪ್ಪ," ಅಂದ. "ಯಾರಿಗೂ ಹೇಳ್ಬೇಡ ಅಂತ ಹೇಳಿದ್ದ. ನಿಮ್ಮಪ್ಪ ಯಾರಿಗೋ ಹೇಳಿದ ಅಂತಾನೇ ನಾವು ಮಾತು ಬಿಟ್ಟಿದ್ದು. ಯಾರಿಗೆ ಹೇಳಿದ ಅಂತ ಈಗ ಗೊತ್ತಾಯ್ತು."

ಎದುರು ಸಾಲಿನಿಂದ ಒಬ್ಬ ತಾನೂ ಅದನ್ನೇ ನೋಡುವುದು ಎಂದ, ಅವನ ಹಿಂದಿದ್ದವನು ನಾವೂ ಎಂದ. ಏಳು ಮನೆತನಗಳು ಐವತ್ತು ವರ್ಷ ಒಂದೇ ಮರವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದವು. ಮರ ಕಡಿದ ಮೇಲೆ ಎರಡು ವಾರ ಯಾರ ದೋಣಿಯೂ ಹೊರಗೆ ಹೋಗಿರಲಿಲ್ಲ, ಯಾಕೆಂದು ಯಾರೂ ಕೇಳಿರಲಿಲ್ಲ. ನಗು ಮೆಲ್ಲಗೆ ಶುರುವಾಗಿ ಭವನವೆಲ್ಲ ಹರಡಿತು. ನಗದೆ ಇದ್ದವನು ಲೈಲ್ ಒಬ್ಬನೇ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ನನಗೆ ಯಾಕೆ ಹೇಳ್ಲಿಲ್ಲ ನೆರಿ?"

"ನೀನು ದೋಣಿ ಹತ್ತಿದ್ರೆ ವಾಂತಿ ಮಾಡ್ತಿದ್ದೆ. ನೆಲದ ಮೇಲೆ ಹೇಳೋ ಹಾಗಿರಲಿಲ್ಲ."

ಲೈಲ್ ಕೂತುಕೊಂಡ. ಗ್ರೆಟಾಳನ್ನು ಏನು ಮಾಡಬಹುದೆಂದು ಕೇಳಿದ. ಕಂಬ ನೆಡುವ ಜಾಗ ಖಚಿತವಾದರೆ ಅದರ ಎರಡೂ ಪಕ್ಕ ಅಗಲವಾದ ಪಟ್ಟಿಯನ್ನು, ಅಲ್ಲಿ ಎಂದೂ ಏನೂ ಕಟ್ಟುವಂತಿಲ್ಲ ಎಂದು ನಕ್ಷೆಯಲ್ಲೇ ಬರೆಯಬಹುದು, ಮನೆಗಳನ್ನು ನೆತ್ತಿಯಿಂದ ಕೆಳಗಿಳಿಸಿ ಯಾವ ಛಾವಣಿಯೂ ಗುಡ್ಡದ ಗೆರೆ ಮೀರದಂತೆ ಮಾಡಬಹುದು ಎಂದು ಅವಳು ಹೇಳಿದಳು. ಆದರೆ ಶುಕ್ರವಾರ ಮಧ್ಯಾಹ್ನ ಗೂಟ ಬದಲಿಸಲು ಅವಳ ಜನ ಬರುತ್ತಾರೆ. ಅಷ್ಟರೊಳಗೆ ಜಾಗ ಗೊತ್ತಾಗಬೇಕು. ಆಮೇಲೆ ನಕ್ಷೆ ಮೇಲಿನ ಕಚೇರಿಗೆ ಹೋಗುತ್ತದೆ. ಅಲ್ಲಿ ಒಪ್ಪುತ್ತಾರೋ ಇಲ್ಲವೋ ತಿಳಿಯಲು ಆರು ವಾರ. ಜಾಗ ತೋರಿಸು, ನಾನು ಸಹಿ ಹಾಕುತ್ತೇನೆ ಎಂದ ಲೈಲ್, ಅಕ್ಕನ ಕಡೆ ನೋಡದೆ.

ಇಂದು ಗುರುವಾರ. ಬೆಳಿಗ್ಗೆಯಿಂದ ಗಾಳಿ ದಿಕ್ಕು ಬದಲಿಸುತ್ತಲೇ ಇದೆ, ಗುಲಾಬಿ ಪಟ್ಟಿಗಳು ಒಮ್ಮೆ ಅತ್ತ ಒಮ್ಮೆ ಇತ್ತ ಬಡಿದುಕೊಳ್ಳುತ್ತಿವೆ. ಹಗ್ಗದ ಮೇಲೆ ಚಿಕ್ಕವನ ಬಟ್ಟೆ ಹರವುತ್ತಿದ್ದೆ. ನೆರಿಡಾ ಗೇಟು ತೆಗೆದು ಬಂದಳು. ಚಹಾ ಬೇಡ ಎಂದಳು. ಮರ ಇದ್ದ ಜಾಗದಲ್ಲೇ ಕಂಬ ನೆಟ್ಟರಾಯಿತಲ್ಲ ಎಂದು ಕೇಳಿದೆ. ಅಲ್ಲ ಎಂದಳು. ಹೋದ ಜೂನಿನ ಪ್ರವಾಹದಲ್ಲಿ ಅಳಿವೆಯ ದಾರಿಯೇ ಉತ್ತರಕ್ಕೆ ಸರಿದಿತ್ತಂತೆ. ಅಪ್ಪನ ಗೆರೆ ಎರಡು ದೋಣಿಯಷ್ಟು ತಪ್ಪಾಗಿತ್ತು, ಅವಳು ಮರದ ಪಕ್ಕದ ಖಾಲಿ ಆಕಾಶವನ್ನು ನೋಡಿ ಅಂದಾಜಿನಲ್ಲಿ ಹೋಗುತ್ತಿದ್ದಳು. ಹೊಸ ಗೆರೆಯನ್ನು ನೀರಿನಲ್ಲಿ ನಿಂತೇ ಹುಡುಕಬೇಕು. ಅಲ್ಲಿ ಅವಳು ಇರುತ್ತಾಳೆ. ಇಲ್ಲಿ, ಗುಡ್ಡದ ಮೇಲೆ, ಯಾರಾದರೂ ಬೇಕು.

ಅವಳು ಹಗ್ಗದ ಮೇಲಿದ್ದ ತೊಟ್ಟಿಲ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಅದು ಬಿಳಿ.

"ನಾಳೆ ಏಳು ಗಂಟೆಗೆ, ಗಾಳಿ ಏಳೋಕೆ ಮುಂಚೆ, ಇದನ್ನ ಒಂದು ಕೋಲಿಗೆ ಕಟ್ಕೊಂಡು ನೆತ್ತಿ ಮೇಲೆ ನಿಲ್ತೀಯಾ ಟ್ಯಾಮ್? ನಾನು ಯಾವ ಕೈ ಎತ್ತಿದ್ರೆ ಆ ಕಡೆ ಸರಿ. ನನ್ನ ಬಲ, ನಿನ್ನ ಬಲ ಅಲ್ಲ. ಎರಡೂ ಕೈ ಎತ್ತಿದಾಗ ಅಲ್ಲೇ ನಿಂತ್ಬಿಡು, ಲೈಲ್ ಗೂಟ ಹೊಡೀತಾನೆ. ಪಿಪ್ಪಾನೂ ಕರ್ಕೊಂಡು ಬಾ. ಅವಳ ಕಣ್ಣು ಚುರುಕು."